ಒಂದು ಎಲೆ ಕಿತ್ತೆ, ಮೂರು ಗಿಡಗಳಿಗೆ ನಂಜು ಬಂತು. ಇದು ಹೇಗೆ?

ಚಿಗುರೆಲೆ

ಕುಂಡಗಳಲ್ಲಿ ಹನ್ನೆರಡು ಟೊಮೆಟೊ ಗಿಡಗಳನ್ನು ಸಾಲಾಗಿ ಬೆಳೆಸುತ್ತಿದ್ದೇನೆ. ಮೂರು ವಾರಗಳ ಹಿಂದೆ ನಾಲ್ಕನೆಯ ಗಿಡದ ಮೇಲ್ಭಾಗದಲ್ಲಿ ಒಂದೇ ಒಂದು ಎಲೆ ವಿಚಿತ್ರವಾಗಿ ಕಂಡಿತು. ತಿಳಿಹಸಿರು, ಕಡುಹಸಿರು ಬಟ್ಟೆಗಳನ್ನು ತೇಪೆ ಹಾಕಿ ಹೊಲಿದಂತಿತ್ತು, ಅಂಚಿನಲ್ಲಿ ಸ್ವಲ್ಪ ಸುಕ್ಕು. ನಂಜುರೋಗವಿರಬೇಕೆಂದು ಹೆದರಿ ಅಂದು ಸಂಜೆಯೇ ಆ ಎಲೆಯನ್ನು ತೊಟ್ಟುಸಮೇತ ಕತ್ತರಿಸಿ ಸುಟ್ಟೆ. ಹತ್ತು ದಿನ ಎಲ್ಲವೂ ಸರಿಯಿತ್ತು. ಆಮೇಲೆ ಅದೇ ಗಿಡದ ತುದಿಯ ಚಿಗುರೆಲ್ಲ ಹಾಗೆಯೇ ಆಯಿತು. ಕೆಳಗಿನ ದೊಡ್ಡ ಎಲೆಗಳು ಮಾತ್ರ ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹಸಿರಾಗಿವೆ. ಈಗ ಐದನೆಯ ಮತ್ತು ಆರನೆಯ ಗಿಡಗಳ ತುದಿಯಲ್ಲೂ ಅದೇ ಚಿತ್ತಾರ.

ರೋಗದ ಎಲೆಯನ್ನೇ ತೆಗೆದ ಮೇಲೆ ವೈರಸ್ ಎಲ್ಲಿಂದ ಬಂತು? ಬಂದದ್ದಾದರೂ ನಡುವಿನ ಎಲೆಗಳನ್ನೆಲ್ಲ ಬಿಟ್ಟು ನೇರವಾಗಿ ತುದಿಗೆ ಹೋದದ್ದು ಹೇಗೆ?

ಹಸಿರುಮನೆ

ಎಲೆ ಕತ್ತರಿಸಿದ ಕತ್ತರಿಯಿಂದ ಆ ಸಂಜೆ ಮತ್ತೇನು ಮಾಡಿದಿರಿ?

ಚಿಗುರೆಲೆ

ಪಕ್ಕದ ಗಿಡಗಳಲ್ಲಿ ಬೇಡದ ಕವಲುಗಳಿದ್ದವು, ಕೈಯಲ್ಲಿ ಕತ್ತರಿ ಹೇಗೂ ಇತ್ತಲ್ಲ ಎಂದು ಅವನ್ನೂ ಸವರಿದೆ. ಐದನೆಯದು ಮತ್ತು ಆರನೆಯದು.

ಈಗ ಅರ್ಥವಾಯಿತು. ದಯವಿಟ್ಟು ಯಾರೂ ನಗಬೇಡಿ.

ಹಸಿರುಮನೆ

ನಗುವುದಿಲ್ಲ, ನಾನೂ ಅದೇ ಶಾಲೆಯಲ್ಲಿ ಕಲಿತವನು. ಒಮ್ಮೆ ಒಂದು ಇಡೀ ಸಾಲನ್ನು ಹೀಗೆಯೇ ಕಳೆದುಕೊಂಡಿದ್ದೇನೆ. ವೈರಸ್‌ಗೆ ಗಿಡದ ಒಳಗೆ ತಾನಾಗಿಯೇ ನುಗ್ಗಲು ಬರುವುದಿಲ್ಲ. ಮನುಷ್ಯನಿಗೆ ಬರುವ ವೈರಸ್‌ಗಳು ಜೀವಕೋಶದ ಮೇಲ್ಮೈಯಲ್ಲಿರುವ ಯಾವುದೋ ಅಣುವಿಗೆ ಅಂಟಿಕೊಂಡು ಒಳಸೇರುತ್ತವೆ. ಗಿಡದ ಜೀವಕೋಶಕ್ಕೆ ಸುತ್ತಲೂ ಸೆಲ್ಯುಲೋಸಿನ ಗೋಡೆ, ಹೊರಗೆ ಮೇಣದ ಲೇಪ. ಆದ್ದರಿಂದ ಯಾರಾದರೂ ಗಾಯ ಮಾಡಿಕೊಡಬೇಕು. ಗಿಡಹೇನು, ಬಿಳಿನೊಣ, ಥ್ರಿಪ್ಸ್, ಮಣ್ಣಿನ ಜಂತುಹುಳು, ಎಲೆಗೆ ಎಲೆ ಉಜ್ಜುವ ಗಾಳಿ, ಕೊನೆಗೆ ಕತ್ತರಿ ಹಿಡಿದ ನಾವು. ಪ್ರಯೋಗಾಲಯದಲ್ಲಿ ಬೇಕೆಂದೇ ಸೋಂಕು ತಗುಲಿಸುವಾಗಲೂ ಎಲೆಯ ಮೇಲೆ ಕಾರ್ಬೊರಂಡಮ್ ಪುಡಿ ಉದುರಿಸಿ, ರೋಗದ ರಸವನ್ನು ಬೆರಳಿನಲ್ಲಿ ಮೆಲ್ಲಗೆ ತಿಕ್ಕುತ್ತಾರೆ. ಕೋಶ ಸಾಯದಷ್ಟು, ಆದರೆ ಸೀಳುಬಿಡುವಷ್ಟು ಗಾಯ ಸಾಕು.

ಹಳೆಬೇರು

ಕತ್ತರಿಯ ವಿಷಯ ಬಗೆಹರಿಯಿತು. ನಾನು ಮೊದಲ ಗಿಡದ ಒಗಟಿಗೆ ಬರುತ್ತೇನೆ. ಪಾಠ ಹೇಳಿ ಅಭ್ಯಾಸವಾದವನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಚಿಗುರೆಲೆಯವರೇ, ನೀವು ಕಿತ್ತ ಎಲೆ ವೈರಸ್ ಒಳಬಂದ ಬಾಗಿಲಲ್ಲ. ಒಳಬಂದು, ಮೈಯೆಲ್ಲ ಸುತ್ತಾಡಿ, ಕೊನೆಗೆ ಬಂದು ಕುಳಿತ ಜಗಲಿ. ಮೊಸಾಯಿಕ್ ಚಿತ್ತಾರ ಮೂಡುವುದು ಎಲೆ ಇನ್ನೂ ಎಳೆಯದಾಗಿ ಬೆಳೆಯುತ್ತಿರುವಾಗ ವೈರಸ್ ಸೇರಿಕೊಂಡರೆ ಮಾತ್ರ. ಪೂರ್ತಿ ಬಲಿತ ಎಲೆಯೊಳಗೆ ವೈರಸ್ ಹೊಕ್ಕರೂ ಅದು ಬಹುಪಾಲು ಹಸಿರಾಗಿಯೇ ಉಳಿಯುತ್ತದೆ. ಹಾಗಾಗಿ ಮೊದಲ ಗಾಯವಾದ ಎಲೆ ಈಗಲೂ ಕೆಳಗೆ ಎಲ್ಲೋ ಒಳ್ಳೆಯವನಂತೆ ನಿಂತಿರಬಹುದು. ನೀವು ಎಲೆ ಕಿತ್ತ ಹೊತ್ತಿಗೆ ಕೋಟೆ ಕೊಳ್ಳೆ ಹೋಗಿ ಆಗಿತ್ತು, ನೀವು ದಿಡ್ಡಿ ಬಾಗಿಲು ಹಾಕಿದಿರಿ.

ವೈರಸ್‌ನ ಪ್ರಯಾಣದಲ್ಲಿ ಎರಡು ಹಂತಗಳಿವೆ. ಮೊದಲನೆಯದು ಕೋಶದಿಂದ ಕೋಶಕ್ಕೆ ನಡಿಗೆ. ಅದು ದಿನಕ್ಕೆ ಮಿಲಿಮೀಟರ್ ಲೆಕ್ಕದ್ದು, ಆಮೆಯ ಹೆಜ್ಜೆ. ಹೀಗೆ ತೆವಳುತ್ತ ಎಲೆಯ ನರವನ್ನು ಮುಟ್ಟಿತೆಂದರೆ ಎರಡನೆಯದು ಶುರು. ಸಕ್ಕರೆಯನ್ನು ಸಾಗಿಸುವ ಫ್ಲೋಯಂ ನಾಳಕ್ಕೆ ಇಳಿದರೆ ವೇಗ ಗಂಟೆಗೆ ಸೆಂಟಿಮೀಟರುಗಳಿಗೆ ಏರುತ್ತದೆ. ಆದರೆ ಈ ಸವಾರಿಯಲ್ಲಿ ದಿಕ್ಕು ಆರಿಸುವ ಸ್ವಾತಂತ್ರ್ಯ ವೈರಸ್‌ಗೆ ಇಲ್ಲ. ಸಕ್ಕರೆ ಹೋದ ಕಡೆಗೆ ಅದೂ ಹೋಗಬೇಕು. ಬಲಿತ ಎಲೆ ಸಕ್ಕರೆಯನ್ನು ತಯಾರಿಸಿ ಹೊರಗೆ ಕಳಿಸುವ ಕಾರ್ಖಾನೆ, ಹೊರಗಿನಿಂದ ತರಿಸಿಕೊಳ್ಳುವುದಿಲ್ಲ. ತರಿಸಿಕೊಳ್ಳುವವು ಬೇರು, ಚಿಗುರು, ಹೂ, ಕಾಯಿ. ನಿಮ್ಮ ನಡುವಿನ ಎಲೆಗಳು ತಪ್ಪಿಸಿಕೊಂಡದ್ದು ಈ ಕಾರಣಕ್ಕೆ. ವೈರಸ್ ಅವನ್ನು ಹಾರಿಹೋಗಲಿಲ್ಲ, ಅಲ್ಲಿಗೆ ಹರಿವೇ ಇರಲಿಲ್ಲ.

ಇದನ್ನು ಜೆಫ್ರಿ ಸ್ಯಾಮ್ಯುಯೆಲ್ ಎಂಬ ವಿಜ್ಞಾನಿ 1934ರಲ್ಲೇ ತೋರಿಸಿದರು, ಅದೂ ಟೊಮೆಟೊ ಗಿಡದಲ್ಲೇ. ಒಂದೇ ಒಂದು ಕಿರುಎಲೆಗೆ ತಂಬಾಕಿನ ಮೊಸಾಯಿಕ್ ವೈರಸ್ ತಗುಲಿಸಿದರು. ದಿನ ಬಿಟ್ಟು ದಿನ ಬೇರೆ ಬೇರೆ ಗಿಡಗಳನ್ನು ತುಂಡು ತುಂಡಾಗಿ ಕತ್ತರಿಸಿ, ಯಾವ ತುಂಡಿನಲ್ಲಿ ವೈರಸ್ ಇದೆಯೆಂದು ಹುಡುಕಿದರು. ಮೊದಲ ಕೆಲವು ದಿನ ಆ ಕಿರುಎಲೆಯನ್ನು ಬಿಟ್ಟು ಎಲ್ಲಿಯೂ ಇಲ್ಲ. ಆಮೇಲೆ ದಿಢೀರನೆ ಬೇರಿನಲ್ಲಿ ಸಿಕ್ಕಿತು, ಸ್ವಲ್ಪದರಲ್ಲೇ ತುದಿಯಲ್ಲಿ. ನಡುವಿನ ಬಲಿತ ಎಲೆಗಳು ತುಂಬಲು ವಾರಗಳೇ ಹಿಡಿದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಯಾರೂ ವೈರಸ್ಸನ್ನು ಕಂಡಿರದ ಕಾಲದಲ್ಲಿ, ಒಂದು ಬ್ಲೇಡು ಮತ್ತು ತಾಳ್ಮೆಯಿಂದ ಮಾಡಿದ ಕೆಲಸ. ಇವತ್ತಿಗೂ ಅದರ ಚಿತ್ರವನ್ನು ಪಠ್ಯಪುಸ್ತಕಗಳಲ್ಲಿ ಅಚ್ಚು ಹಾಕುತ್ತಾರೆ.

ಮೂರನೇಕಣ್ಣು

ಕೋಶಕ್ಕೆ ಗೋಡೆ ಇದೆ ಎಂದು ಒಬ್ಬರು ಹೇಳುತ್ತೀರಿ, ಕೋಶದಿಂದ ಕೋಶಕ್ಕೆ ನಡೆದು ಹೋಗುತ್ತದೆ ಎಂದು ಇನ್ನೊಬ್ಬರು. ಒಂದೊಂದು ಗೋಡೆಗೂ ಒಂದೊಂದು ಗಾಯ ಬೇಡವೇ?

ತಂತು

ಬೇಡ, ಏಕೆಂದರೆ ಒಳಗಿನ ಗೋಡೆಗಳಲ್ಲಿ ಗಿಡವೇ ಕಿಂಡಿಗಳನ್ನು ಇಟ್ಟುಕೊಂಡಿದೆ. ಅವುಗಳ ಹೆಸರು ಪ್ಲಾಸ್ಮೋಡೆಸ್ಮಾಟಾ. 1879ರಲ್ಲಿ ಎಡ್ವರ್ಡ್ ಟಾಂಗ್ಲ್ ಮೊದಲು ನೋಡಿದ್ದು, 1901ರಲ್ಲಿ ಸ್ಟ್ರಾಸ್‌ಬರ್ಗರ್ ಹೆಸರಿಟ್ಟದ್ದು. ನಾನು ಸಂಶೋಧನೆಗೆ ಆರಿಸಿಕೊಂಡದ್ದು ಈ ಕಿಂಡಿಗಳನ್ನೇ, ಆದ್ದರಿಂದ ನನ್ನ ಉತ್ಸಾಹವನ್ನು ಸ್ವಲ್ಪ ಕಡಿತ ಮಾಡಿ ಓದಿಕೊಳ್ಳಿ.

ಕಿಂಡಿಯ ಹೊರ ಅಗಲ 30ರಿಂದ 50 ನ್ಯಾನೋಮೀಟರ್. ಆದರೆ ಅದು ಖಾಲಿ ಕೊಳವೆಯಲ್ಲ, ನಡುವೆ ಒಂದು ಪೊರೆಯ ಎಳೆ ಹಾದುಹೋಗಿರುತ್ತದೆ. ನಿಜವಾಗಿ ಉಳಿಯುವ ಸಂದು ಕೆಲವೇ ನ್ಯಾನೋಮೀಟರ್. ಸಕ್ಕರೆ, ಅಮೈನೋ ಆಮ್ಲ ನುಸುಳಬಹುದು. ತಂಬಾಕಿನ ಮೊಸಾಯಿಕ್ ವೈರಸ್ 18 ನ್ಯಾನೋಮೀಟರ್ ದಪ್ಪ, 300 ನ್ಯಾನೋಮೀಟರ್ ಉದ್ದದ ಕಡ್ಡಿ. ಸೂಜಿಯ ಕಣ್ಣಿನಲ್ಲಿ ಒನಕೆ ತೂರಿಸಿದ ಹಾಗಾಯಿತು.

ವೈರಸ್ ಏನು ಮಾಡುತ್ತದೆಂದರೆ ತನ್ನ ಪ್ರೋಟೀನ್ ಅಂಗಿಯನ್ನು ಕಳಚಿಟ್ಟು ಬರಿಯ ಆರ್‌ಎನ್‌ಎ ಎಳೆಯಾಗಿ, ಅಂದರೆ ತನ್ನ ವಂಶವಾಹಿಗಳನ್ನು ಬರೆದಿಟ್ಟ ಎಳೆಯಾಗಿ ಹೊರಡುತ್ತದೆ. ಜೊತೆಗೆ ಚಲನ ಪ್ರೋಟೀನ್ ಎಂಬ ದಾರಿತೋರುಗ. ಇದು ಕಿಂಡಿಯ ಬಳಿ ಸೇರಿ ಅದನ್ನು ಅಗಲಿಸುತ್ತದೆ. 1989ರಲ್ಲಿ ಬಣ್ಣದ ಅಣುಗಳನ್ನು ಚುಚ್ಚಿ ಅಳತೆ ಮಾಡಿದಾಗ, ಈ ಪ್ರೋಟೀನ್ ಇದ್ದ ಗಿಡದಲ್ಲಿ ಮಾಮೂಲಿಗಿಂತ ಹತ್ತುಪಟ್ಟಿಗೂ ಹೆಚ್ಚು ತೂಕದ ಅಣುಗಳು ಪಕ್ಕದ ಕೋಶಕ್ಕೆ ದಾಟಿದವು. ಈ ವೈರಸ್‌ನ ಇಡೀ ಜೀನೋಮಿನಲ್ಲಿರುವುದು ಸುಮಾರು 6400 ಅಕ್ಷರಗಳು, ತಯಾರಾಗುವುದು ನಾಲ್ಕೇ ಪ್ರೋಟೀನುಗಳು. ಇಷ್ಟು ಬಡ ಸಂಸಾರದಲ್ಲಿ ಒಂದನ್ನು ಕಿಂಡಿ ಅಗಲಿಸುವುದಕ್ಕೆಂದೇ ಮೀಸಲಿಟ್ಟಿದೆ.

ಅಲಸಂದೆಯ ಮೊಸಾಯಿಕ್ ವೈರಸ್‌ಗೆ ಇಷ್ಟು ನಾಜೂಕಿಲ್ಲ. ಅದರ ಪ್ರೋಟೀನುಗಳು ಕಿಂಡಿಯ ನಡುವಿನ ಎಳೆಯನ್ನೇ ಕಿತ್ತುಹಾಕಿ ಒಂದು ಸುರಂಗ ಕೊರೆಯುತ್ತವೆ, ಅಂಗಿ ತೊಟ್ಟ ವೈರಸ್‌ಗಳು ಅದರಲ್ಲಿ ಸಾಲಾಗಿ ಹೋಗುತ್ತವೆ.

ಗಿಡವೂ ಸುಮ್ಮನಿರುವುದಿಲ್ಲ. ಕಿಂಡಿಯ ಕೊರಳಿಗೆ ಕ್ಯಾಲೋಸ್ ಎಂಬ ಸಕ್ಕರೆಯ ಗಾರೆ ಮೆತ್ತಿ ಬಿಗಿಮಾಡುತ್ತದೆ. ಆ ಗಾರೆಯನ್ನು ಕರಗಿಸುವ ಕಿಣ್ವ ಕಡಿಮೆಯಿರುವ ತಂಬಾಕಿನ ತಳಿಗಳಲ್ಲಿ ವೈರಸ್ ನಿಧಾನವಾಗಿ ಹರಡಿದ್ದನ್ನು ನೋಡಿದ್ದಾರೆ.

ಸೂಜಿಮೊನೆ

ಎಲ್ಲವೂ ಚೆನ್ನಾಗಿದೆ, ಆದರೆ ನಿಮ್ಮ ಮಾತಿನಲ್ಲಿ ಗಿಡ ಹೋರಾಡುತ್ತದೆ, ಗಾರೆ ಮೆತ್ತುತ್ತದೆ, ಬಾಗಿಲು ಹಾಕುತ್ತದೆ. ಗಿಡಕ್ಕೆ ರಕ್ತವಿಲ್ಲ, ಬಿಳಿ ರಕ್ತಕಣವಿಲ್ಲ, ಪ್ರತಿಕಾಯವಿಲ್ಲ. ಒಮ್ಮೆ ಬಂದ ವೈರಸ್ಸನ್ನು ಗುರುತಿಟ್ಟುಕೊಳ್ಳುವ ವ್ಯವಸ್ಥೆಯೂ ಇಲ್ಲ. ಇದನ್ನು ರೋಗನಿರೋಧಕ ಶಕ್ತಿ ಎನ್ನುವುದು ಕಾವ್ಯವೇ ಹೊರತು ವಿಜ್ಞಾನವಲ್ಲ.

ಹಳೆಬೇರು

ಕೊನೆಯ ವಾಕ್ಯದ ಹಿಂದಿನ ವಾಕ್ಯವನ್ನು ವಾಪಸು ಪಡೆಯಬೇಕಾಗುತ್ತದೆ. 1928ರಲ್ಲಿ ವಿಂಗಾರ್ಡ್ ಎಂಬವರು ತಂಬಾಕಿನ ಗಿಡಗಳಿಗೆ ಉಂಗುರ ಚುಕ್ಕೆಯ ವೈರಸ್ ತಗುಲಿಸಿದರು. ಕೆಳಗಿನ ಎಲೆಗಳು ಉಂಗುರ ಉಂಗುರವಾಗಿ ಸುಟ್ಟಂತಾದವು. ಆಮೇಲೆ ಬಂದ ಮೇಲಿನ ಎಲೆಗಳು ಸ್ವಚ್ಛ! ಆ ಸ್ವಚ್ಛ ಎಲೆಗಳಿಗೆ ಅದೇ ವೈರಸ್ಸನ್ನು ಮತ್ತೆ ತಿಕ್ಕಿದರೂ ರೋಗ ಬರಲಿಲ್ಲ. ಗಿಡ ಚೇತರಿಸಿಕೊಂಡಿತ್ತು, ಜೊತೆಗೆ ಶತ್ರುವಿನ ಗುರುತೂ ಇಟ್ಟುಕೊಂಡಿತ್ತು. ಹೇಗೆಂದು ತಿಳಿಯಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು.

ತಂತು

ಆ ಎಪ್ಪತ್ತು ವರ್ಷದ ಕೊನೆಯ ಭಾಗವನ್ನು ನಾನು ಹೇಳುತ್ತೇನೆ.

1990ರಲ್ಲಿ ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಗಾಢಗೊಳಿಸಲು ಬಣ್ಣದ ವಂಶವಾಹಿಯ ಇನ್ನೊಂದು ಪ್ರತಿಯನ್ನು ಸೇರಿಸಿದರು. ಹೂಗಳು ಬೆಳ್ಳಗಾದವು, ಕೆಲವು ಬಿಳಿಪಟ್ಟೆಯವಾದವು. ಸೇರಿಸಿದ ಪ್ರತಿಯ ಜೊತೆಗೆ ಮೊದಲಿದ್ದದ್ದೂ ಬಾಯಿಮುಚ್ಚಿತ್ತು. 1999ರಲ್ಲಿ ಹ್ಯಾಮಿಲ್ಟನ್ ಮತ್ತು ಬೌಲ್‌ಕೋಂಬ್ ಹೀಗೆ ಬಾಯಿಮುಚ್ಚಿಸುವ ಕಡೆಯಲ್ಲೆಲ್ಲ ಸುಮಾರು 25 ಅಕ್ಷರ ಉದ್ದದ ಪುಟಾಣಿ ಆರ್‌ಎನ್‌ಎ ತುಂಡುಗಳಿರುವುದನ್ನು ತೋರಿಸಿದರು. ವೈರಸ್ ತಗುಲಿದ ಗಿಡಗಳಲ್ಲೂ ಅಂಥವೇ ತುಂಡುಗಳು, ಅವುಗಳ ಬರಹ ಮಾತ್ರ ವೈರಸ್‌ನದು.

ನಡೆಯುವುದು ಹೀಗೆ. ಆರ್‌ಎನ್‌ಎ ವೈರಸ್ ತನ್ನ ನಕಲು ತೆಗೆಯುವಾಗ ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತದೆ. ಆರೋಗ್ಯವಂತ ಕೋಶದಲ್ಲಿ ಉದ್ದುದ್ದದ ಜೋಡಿ ಎಳೆಗೆ ಕೆಲಸವಿಲ್ಲ, ಅದು ಕಂಡರೆ ಕಳ್ಳನ ಹೆಜ್ಜೆ ಕಂಡಂತೆ. ಡೈಸರ್ ಎಂಬ ಕಿಣ್ವ ಅದನ್ನು 21, 22 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನ್ ಒಂದೊಂದು ಚೂರನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿ ಸಿಕ್ಕರೂ ಸೀಳುತ್ತದೆ. ಶತ್ರುವಿನ ಪತ್ರವನ್ನೇ ಹರಿದು, ಆ ಚೂರುಗಳನ್ನೇ ಗುರುತುಚೀಟಿ ಮಾಡಿಕೊಂಡು ಶತ್ರುವನ್ನು ಹಿಡಿಯುವ ಉಪಾಯ. ಸೂಜಿಮೊನೆಯವರೇ, ಪ್ರತಿಕಾಯ ಇಲ್ಲ, ನಿಜ. ಆದರೆ ಗುರುತು ಹಿಡಿಯುವುದರಲ್ಲಿ ಇದರಷ್ಟು ಕರಾರುವಾಕ್ಕಾದುದು ಕಡಿಮೆ.

ಇನ್ನೂ ಒಂದಿದೆ. ಈ ಚೂರುಗಳು ಅದೇ ಪ್ಲಾಸ್ಮೋಡೆಸ್ಮಾಟಾ ಕಿಂಡಿಗಳಲ್ಲಿ ಹತ್ತು ಹದಿನೈದು ಕೋಶಗಳಷ್ಟು ದೂರ ಸಾಗುತ್ತವೆ. ದಾರಿಯಲ್ಲಿ ನಕಲು ತೆಗೆಯುವ ಕಿಣ್ವಗಳ ನೆರವು ಸಿಕ್ಕರೆ ಇನ್ನೂ ಮುಂದೆ. ಫ್ಲೋಯಂನಲ್ಲೂ ಹೋಗುತ್ತವೆ. ವೈರಸ್ ಹೋಗುವ ದಾರಿಯಲ್ಲೇ ಅದರ ವಿರುದ್ಧದ ಸುದ್ದಿಯೂ ಹೋಗುತ್ತದೆ. ಯಾರು ಮೊದಲು ತಲುಪುತ್ತಾರೆ ಎನ್ನುವುದರ ಮೇಲೆ ಆ ಎಲೆಯ ಹಣೆಬರಹ ನಿಂತಿದೆ. ವಿಂಗಾರ್ಡ್ ಅವರ ಮೇಲಿನ ಎಲೆಗಳಲ್ಲಿ ಸುದ್ದಿ ಗೆದ್ದಿತ್ತು.

ಸೂಜಿಮೊನೆ

ಹಿಂದಿನ ವಾಕ್ಯವನ್ನು ವಾಪಸು ಪಡೆದಿದ್ದೇನೆ. ಹಾಗಿದ್ದರೆ ಚಿಗುರೆಲೆಯವರ ಟೊಮೆಟೊ ಏಕೆ ಚೇತರಿಸಿಕೊಳ್ಳುತ್ತಿಲ್ಲ? ಇಷ್ಟು ಕರಾರುವಾಕ್ಕಾದ ವ್ಯವಸ್ಥೆ ಇದ್ದ ಮೇಲೆ ಲೋಕದಲ್ಲಿ ಒಂದೇ ಒಂದು ಗಿಡಕ್ಕೆ ವೈರಸ್ ರೋಗ ಬರಬಾರದಿತ್ತು.

ತಂತು

ಒಳ್ಳೆಯ ಪ್ರಶ್ನೆ. ಗಿಡ ಚಾಪೆಯ ಕೆಳಗೆ ತೂರಿದರೆ ವೈರಸ್ ರಂಗೋಲಿಯ ಕೆಳಗೆ ತೂರುತ್ತದೆ. ಹೆಚ್ಚುಕಡಿಮೆ ಎಲ್ಲ ಸಸ್ಯ ವೈರಸ್‌ಗಳ ಬಳಿಯೂ ಈ ವ್ಯವಸ್ಥೆಯನ್ನು ಕುಂಟಿಸುವ ಒಂದು ಪ್ರೋಟೀನ್ ಇದೆ. ನನಗೆ ಬಹಳ ಇಷ್ಟವಾದದ್ದು ಟೊಂಬಸ್‌ವೈರಸ್‌ಗಳ ಪಿ19. ಇದು ಎರಡು ಸೇರಿ ಒಂದು ಅಳತೆಗೋಲಿನಂತಾಗಿ, ಸರಿಯಾಗಿ 21 ಅಕ್ಷರ ಉದ್ದದ ಜೋಡಿ ಚೂರುಗಳನ್ನು ಎರಡೂ ತುದಿಯಲ್ಲಿ ಹಿಡಿದುಕೊಂಡುಬಿಡುತ್ತದೆ. ಬರಹ ಏನಿದೆ ಎಂಬುದು ಅದಕ್ಕೆ ಬೇಡ, ಉದ್ದ ಸರಿಯಿದ್ದರೆ ಸಾಕು. ಚೀಟಿಗಳೆಲ್ಲ ಅದರ ಮುಷ್ಟಿಯಲ್ಲಿದ್ದರೆ ಆರ್ಗೊನಾಟ್ ಏನು ಹಿಡಿದು ಹುಡುಕಬೇಕು? ಸೌತೆಯ ಮೊಸಾಯಿಕ್ ವೈರಸ್ ಇದೇ ಕೆಲಸಕ್ಕೆ 2ಬಿ ಎಂಬುದನ್ನು ಇಟ್ಟುಕೊಂಡಿದೆ, ಪೋಟಿವೈರಸ್‌ಗಳು ಎಚ್‌ಸಿ-ಪ್ರೋ ಎಂಬುದನ್ನು.

ಎಲೆಗಳ ಮೇಲಿನ ತೇಪೆಗಳ ವಿಷಯವೂ ಇಲ್ಲೇ ಬರುತ್ತದೆ. ಮೊಸಾಯಿಕ್ ಎಲೆಯ ಕಡುಹಸಿರು ದ್ವೀಪಗಳಲ್ಲಿ ವೈರಸ್ ಇರುವುದೇ ಇಲ್ಲ ಅಥವಾ ಬಹಳ ಕಡಿಮೆ. ಸುತ್ತಲಿನ ತಿಳಿಹಸಿರಿನಲ್ಲಿ ತುಂಬಿ ತುಳುಕುತ್ತಿರುತ್ತದೆ. ನಾವು ರೋಗದ ಗುರುತೆಂದು ಕರೆಯುವ ಆ ಚಿತ್ತಾರದಲ್ಲಿ ಅರ್ಧ ಭಾಗ ಗಿಡ ಕಾಪಾಡಿಕೊಂಡ ನೆಲ.

ಚಿಗುರೆಲೆ

ಈಗಷ್ಟೇ ಹೋಗಿ ಆ ಎಲೆಗಳನ್ನು ಮತ್ತೆ ನೋಡಿ ಬಂದೆ. ಮೊದಲು ಹೊಟ್ಟೆ ಉರಿಯುತ್ತಿತ್ತು, ಈಗ ಭೂಪಟದ ಹಾಗೆ ಕಾಣುತ್ತಿದೆ.

ಒಂದು ವಿಚಾರ. ಆಸ್ಪಿರಿನ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸಿದರೆ ಗಿಡದ ಶಕ್ತಿ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ. ಮಾಡಲೇ?

ಮೂರನೇಕಣ್ಣು

ಮಾಡಿ. ಆಸ್ಪಿರಿನ್ ಅಂದರೆ ಸ್ಯಾಲಿಸಿಲಿಕ್ ಆಮ್ಲದ ತಮ್ಮ. ಒಂದು ಎಲೆಗೆ ಸೋಂಕು ತಗುಲಿದಾಗ ಅಲ್ಲಿ ಸ್ಯಾಲಿಸಿಲಿಕ್ ಆಮ್ಲ ತಯಾರಾಗಿ, ಅದು ಹರಿದು ಹೋಗಿ ಉಳಿದ ಎಲೆಗಳನ್ನು ಎಚ್ಚರಿಸುತ್ತದೆ. ಓದಿದ್ದೇನೆ.

ಹಳೆಬೇರು

ಅರ್ಧ ಸರಿ. ಇಲ್ಲಿ ಮೂರು ಎಳೆಗಳು ಸಿಕ್ಕುಹಾಕಿಕೊಂಡಿವೆ, ಬಿಡಿಸೋಣ.

ಕೆಲವು ಗಿಡಗಳಿಗೆ ಒಂದೊಂದು ವೈರಸ್ಸನ್ನು ಗುರುತಿಸುವ ವಿಶೇಷ ವಂಶವಾಹಿ ಇರುತ್ತದೆ. ಅತಿ ಹಳೆಯ ಉದಾಹರಣೆ ನಿಕೋಟಿಯಾನಾ ಗ್ಲುಟಿನೋಸಾ ಎಂಬ ಕಾಡುತಂಬಾಕಿನ ಎನ್ ವಂಶವಾಹಿ. ತಂಬಾಕಿನ ಮೊಸಾಯಿಕ್ ವೈರಸ್ ಹೊಕ್ಕ ಜಾಗದಲ್ಲಿ, ಒಂದೆರಡು ದಿನಗಳೊಳಗೆ ಕೋಶಗಳು ತಾವಾಗಿಯೇ ಸತ್ತು ಸಣ್ಣ ಕಂದು ಚುಕ್ಕೆಯಾಗುತ್ತವೆ. ವೈರಸ್ ಅಲ್ಲೇ ಬಂದಿ. ಹೋಮ್ಸ್ 1929ರಲ್ಲಿ ಈ ಚುಕ್ಕೆಗಳನ್ನು ಎಣಿಸಿ ವೈರಸ್ ಎಷ್ಟಿದೆಯೆಂದು ಅಳೆಯುವ ವಿಧಾನ ಕೊಟ್ಟರು. ಆ ವಂಶವಾಹಿಯನ್ನು 1994ರಲ್ಲಿ ಬೇರ್ಪಡಿಸಿ ಓದಿದರು.

1961ರಲ್ಲಿ ರಾಸ್ ತೋರಿಸಿದ್ದು ಇದರ ಮುಂದಿನ ಭಾಗ. ಹೀಗೆ ಕೆಳಗಿನ ಎಲೆಗಳಲ್ಲಿ ಚುಕ್ಕೆ ಬಿದ್ದ ಗಿಡದ ಮೇಲಿನ ಎಲೆಗಳಿಗೆ ಕೆಲವು ದಿನಗಳ ನಂತರ ವೈರಸ್ ತಿಕ್ಕಿದರೆ ಚುಕ್ಕೆಗಳು ಚಿಕ್ಕವಾಗಿ, ಕಡಿಮೆಯಾಗಿ ಬಂದವು. ಇಡೀ ಗಿಡ ಎಚ್ಚೆತ್ತಿತ್ತು. 1979ರಲ್ಲಿ ವೈಟ್ ಎಂಬವರು ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿ ಅದೇ ಪರಿಣಾಮ ಕಂಡರು. ಮಾತ್ರೆಯ ಕಥೆ ಹುಟ್ಟಿದ್ದು ಅಲ್ಲಿಂದ.

ಆದರೆ ವೈಟ್ ಅವರ ತಂಬಾಕಿಗೆ ಎನ್ ವಂಶವಾಹಿ ಇತ್ತು. ಇದ್ದ ಎಚ್ಚರವನ್ನು ಆಸ್ಪಿರಿನ್ ಚುರುಕುಗೊಳಿಸಿತು. ಚಿಗುರೆಲೆಯವರ ಗಿಡದಲ್ಲಿ ವೈರಸ್ ಆಗಲೇ ಬೇರಿನಿಂದ ತುದಿಯವರೆಗೆ ಮನೆಮಾಡಿದೆ. ಅದನ್ನು ಹೊರಗಟ್ಟುವ ಶಕ್ತಿ ಮಾತ್ರೆಗಿಲ್ಲ, ಹೆಚ್ಚು ಸುರಿದರೆ ಎಲೆಯೇ ಸುಡುತ್ತದೆ.

ತಂತು

ಮೂರನೇಕಣ್ಣು ಅವರ ಎರಡನೆಯ ವಾಕ್ಯಕ್ಕೊಂದು ತಿದ್ದುಪಡಿ. ಹರಿದು ಹೋಗುವ ಸುದ್ದಿ ಸ್ಯಾಲಿಸಿಲಿಕ್ ಆಮ್ಲವೇ ಎಂದು ಬಹಳ ಕಾಲ ನಂಬಿದ್ದರು. ಆಮೇಲೆ ಆ ಆಮ್ಲವನ್ನು ಬಂದಂತೆಲ್ಲ ಒಡೆದುಹಾಕುವ ತಂಬಾಕಿನ ತಳಿಯನ್ನು ತಯಾರಿಸಿ ಕಸಿಕಟ್ಟಿ ನೋಡಿದರು. ಕೆಳಗಿನ ಭಾಗ ಆ ತಳಿ, ಮೇಲಿನದು ಮಾಮೂಲಿ ತಳಿ. ಕೆಳಗೆ ಆಮ್ಲ ಸೇರಿಕೊಳ್ಳದಿದ್ದರೂ ಮೇಲಿನ ಭಾಗ ಎಚ್ಚೆತ್ತಿತು! ತಿರುಗಿಸಿ ಕಸಿ ಕಟ್ಟಿದಾಗ ಎಚ್ಚರವಿಲ್ಲ. ಅಂದರೆ ಸುದ್ದಿ ಕೇಳಿದ ಎಲೆಯಲ್ಲಿ ಆಮ್ಲ ಬೇಕೇಬೇಕು, ಸುದ್ದಿ ಹೊತ್ತು ಬರುವವರು ಬೇರೆ. ಮೀಥೈಲ್ ಸ್ಯಾಲಿಸಿಲೇಟ್, ಎನ್-ಹೈಡ್ರಾಕ್ಸಿ ಪಿಪೆಕೋಲಿಕ್ ಆಮ್ಲ ಮುಂತಾದವು ಆ ಹುದ್ದೆಗೆ ಅಭ್ಯರ್ಥಿಗಳು. ಒಬ್ಬರೇ ಅಲ್ಲ ಎಂಬುದು ನನ್ನ ಅನಿಸಿಕೆ.

ಇನ್ನೊಂದು: ಕೋಶ ಸಾಯುವುದರಿಂದಲೇ ವೈರಸ್ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಆಲೂಗಡ್ಡೆಯ ಆರ್‌ಎಕ್ಸ್ ವಂಶವಾಹಿ ಆಲೂಗಡ್ಡೆ ಎಕ್ಸ್ ವೈರಸ್ಸನ್ನು ಒಂದೇ ಒಂದು ಚುಕ್ಕೆಯೂ ಬೀಳದಂತೆ ತಡೆಯುತ್ತದೆ.

ಮೂರನೇಕಣ್ಣು

ತಿದ್ದುಪಡಿ ಒಪ್ಪಿದೆ.

ಹಸಿರುಮನೆ

ಬಿಸಿಲಿನ ವಿಷಯವನ್ನು ಯಾರೂ ಎತ್ತಲಿಲ್ಲ. ಎನ್ ವಂಶವಾಹಿ 28 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕೈಕಟ್ಟಿ ಕೂರುತ್ತದೆ. ಆಗ ವೈರಸ್ ಸದ್ದಿಲ್ಲದೆ ಇಡೀ ಗಿಡಕ್ಕೆ ಹರಡಿಕೊಳ್ಳುತ್ತದೆ. ಆಮೇಲೆ ಗಿಡವನ್ನು ತಂಪಿಗೆ ತಂದಿರೋ, ಕಾವಲುಗಾರನಿಗೆ ಒಮ್ಮೆಲೇ ಎಚ್ಚರವಾಗುತ್ತದೆ, ವೈರಸ್ ಇರುವ ಕೋಶಗಳೆಲ್ಲ ಒಟ್ಟಿಗೆ ಸಾಯುತ್ತವೆ. ಇರುವುದು ಎಲ್ಲ ಕಡೆಯೂ ತಾನೇ, ಗಿಡವೇ ಕುಸಿದುಬೀಳುತ್ತದೆ. ತನ್ನ ರಕ್ಷಣೆಯಿಂದಲೇ ಸತ್ತ ಗಿಡ.

ಕೊನೆಯಬೆಂಚು

ನನ್ನದೊಂದು ದೂರು. ನಾನು ತಂದ ಬೀಜದ ಪೊಟ್ಟಣದ ಮೇಲೆ ಮೊಸಾಯಿಕ್ ನಿರೋಧಕ ತಳಿ ಎಂದು ದೊಡ್ಡದಾಗಿ ಬರೆದಿತ್ತು. ಆದರೂ ಎಲೆಯಲ್ಲಿ ಮೊಸಾಯಿಕ್, ಹಣ್ಣಿನ ಮೇಲೆ ಕಂದು ಸುಕ್ಕು. ಮೋಸವಲ್ಲವೇ?

ಹಳೆಬೇರು

ಮೋಸವೇ ಆಗಿರಬೇಕೆಂದಿಲ್ಲ. ಟೊಮೆಟೊದಲ್ಲಿ ಆ ಮಾತು ಸಾಮಾನ್ಯವಾಗಿ ಟಿಎಂ-2² ಎಂಬ ವಂಶವಾಹಿಯನ್ನು ಸೂಚಿಸುತ್ತದೆ. ಅದು ವೈರಸ್‌ನ ಚಲನ ಪ್ರೋಟೀನನ್ನು, ಅಂದರೆ ತಂತು ಅವರು ಹೇಳಿದ ಆ ದಾರಿತೋರುಗನನ್ನೇ ಗುರುತು ಹಿಡಿಯುತ್ತದೆ. ಜಾಣ ಆಯ್ಕೆ, ಏಕೆಂದರೆ ಕಿಂಡಿ ಅಗಲಿಸುವ ಪ್ರೋಟೀನನ್ನು ಬದಲಿಸಿಕೊಳ್ಳಲು ಹೋದರೆ ವೈರಸ್‌ಗೆ ನಡೆಯಲೇ ಬಾರದೆ ಹೋಗಬಹುದು. ಹಾಗಾಗಿ ಹಲವು ದಶಕ ಅದು ಭದ್ರವಾಗಿ ನಿಂತಿತು. 2014ರಲ್ಲಿ ಇಸ್ರೇಲ್‌ನಲ್ಲಿ, 2015ರಲ್ಲಿ ಜೋರ್ಡನ್‌ನಲ್ಲಿ ಟೊಮೆಟೊ ಕಂದು ಸುಕ್ಕುಹಣ್ಣಿನ ವೈರಸ್ ಕಾಣಿಸಿಕೊಂಡಿತು. ಇದರ ಚಲನ ಪ್ರೋಟೀನ್ ಕಾವಲುಗಾರನ ಕಣ್ಣಿಗೆ ಬೀಳುವುದಿಲ್ಲ, ನಡೆಯುವುದಕ್ಕೂ ಅಡ್ಡಿಯಿಲ್ಲ. ನಿಮ್ಮ ಹಣ್ಣಿನ ವರ್ಣನೆ ಅದನ್ನೇ ನೆನಪಿಸುತ್ತದೆ, ಆದರೆ ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಎಲೈಸಾ ಅಥವಾ ಪಿಸಿಆರ್ ಪರೀಕ್ಷೆಯೇ ಆಗಬೇಕು.

ಚಿಗುರೆಲೆ

ಬೇರೆ ದಾರಿ ಹೊಳೆಯಿತು. ಬೆಳೆಯುವ ತುದಿಯ ನಟ್ಟನಡುವೆ ವೈರಸ್ ಹೋಗುವುದಿಲ್ಲವಂತೆ. ಹಾಗಾದರೆ ನಾಲ್ಕನೆಯ ಗಿಡದ ತುದಿಯನ್ನು ಕತ್ತರಿಸಿ ಬೇರು ಬರಿಸಿದರೆ ಹೊಸ ಗಿಡ ಸ್ವಚ್ಛವಾಗಿರುತ್ತದೆಯೇ? ಈ ಸಲ ಕತ್ತರಿಯನ್ನು ತೊಳೆದೇ ಕೇಳುತ್ತಿದ್ದೇನೆ.

ತಂತು

ಕೇಳಿದ್ದು ಸರಿ, ಅಳತೆ ತಪ್ಪು. ಸ್ವಚ್ಛವಾಗಿರುವುದು ನಿಮ್ಮ ಕಣ್ಣಿಗೆ ಕಾಣುವ ತುದಿಯಲ್ಲ, ಅದರೊಳಗೆ ಅಡಗಿರುವ ಅರ್ಧ ಮಿಲಿಮೀಟರಿಗಿಂತ ಚಿಕ್ಕ ಗುಮ್ಮಟ. ಮೊರೆಲ್ ಮತ್ತು ಮಾರ್ಟಿನ್ 1952ರಲ್ಲಿ ಸೋಂಕಿದ ಡೇಲಿಯಾ ಗಿಡಗಳ ಆ ಗುಮ್ಮಟವನ್ನು ಬಿಡಿಸಿ, ಗಾಜಿನ ನಳಿಕೆಯಲ್ಲಿ ಬೆಳೆಸಿ, ವೈರಸ್ ಇಲ್ಲದ ಗಿಡ ಪಡೆದರು. ಇಂದಿಗೂ ಆಲೂಗಡ್ಡೆ, ಬಾಳೆ, ಸ್ಟ್ರಾಬೆರಿ ಸಸಿಗಳನ್ನು ಶುದ್ಧೀಕರಿಸಲು ಅದೇ ದಾರಿ. ವೈರಸ್ ಅಲ್ಲಿಗೆ ಏಕೆ ಹೋಗುವುದಿಲ್ಲವೆಂಬುದಕ್ಕೆ 2020ರಲ್ಲಿ ಒಂದು ಒಳ್ಳೆಯ ಉತ್ತರ ಸಿಕ್ಕಿತು. ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ಕಾಪಾಡುವ ವುಶೆಲ್ ಎಂಬ ಪ್ರೋಟೀನ್ ಅಲ್ಲಿ ವೈರಸ್‌ಗೆ ಬೇಕಾದ ಪ್ರೋಟೀನ್ ತಯಾರಿಕೆಯನ್ನೇ ತಗ್ಗಿಸಿಬಿಡುತ್ತದೆ. ಅರಾಬಿಡಾಪ್ಸಿಸ್ ಗಿಡದಲ್ಲಿ ಸೌತೆಯ ಮೊಸಾಯಿಕ್ ವೈರಸ್ ಇಟ್ಟು ನೋಡಿದ್ದು. ನೀವು ಕತ್ತರಿಸುವ ಬೆರಳುದ್ದದ ತುದಿಯಲ್ಲಿ ಆ ಗುಮ್ಮಟದ ಸುತ್ತ ಎಳೆ ಎಲೆಗಳಿರುತ್ತವೆ, ವೈರಸ್ ಅತಿ ಹೆಚ್ಚು ಇರುವುದು ಅಲ್ಲೇ.

ಹಸಿರುಮನೆ

ಮೂರನ್ನೂ ಬೇರುಸಮೇತ ಕಿತ್ತುಬಿಡಿ, ಚಿಗುರೆಲೆಯವರೇ. ವೈರಸ್‌ಗೆ ಸಿಂಪಡಿಸುವ ಔಷಧಿ ಇಲ್ಲ. ಹೇನಿನಿಂದ ಬಂದಿರಬಹುದೆಂದು ಕೀಟನಾಶಕ ಹೊಡೆಯುವುದೂ ಬಹುಪಾಲು ವ್ಯರ್ಥ. ಸೌತೆಯ ಮೊಸಾಯಿಕ್‌ನಂಥ ವೈರಸ್ಸನ್ನು ಹೇನು ಸೂಜಿಬಾಯಿ ಚುಚ್ಚಿದ ಕೆಲವೇ ಸೆಕೆಂಡುಗಳಲ್ಲಿ ದಾಟಿಸಿಬಿಡುತ್ತದೆ, ವಿಷ ಏರುವುದು ಆಮೇಲೆ.

ಕತ್ತರಿಯಿಂದ ಇಷ್ಟು ಸುಲಭವಾಗಿ ದಾಟಿದ್ದನ್ನು ನೋಡಿದರೆ ತಂಬಾಕಿನ ಮೊಸಾಯಿಕ್‌ನ ಬಳಗದ್ದೇ ಇರಬೇಕೆಂದು ನನ್ನ ಊಹೆ. ಆ ಬಳಗ ಬಹಳ ಗಟ್ಟಿ. ರಸವನ್ನು ಹತ್ತು ನಿಮಿಷ 90 ಡಿಗ್ರಿಗೆ ಕಾಯಿಸಿದರೂ ಸಾಯುವುದು ಅನುಮಾನ, ಒಣಗಿದ ಎಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ರೋಗದ ಗಿಡವನ್ನು ಕೊನೆಯಲ್ಲಿ ಮುಟ್ಟಿ, ಸೋಪು ಹಾಕಿ ಕೈ ತೊಳೆಯಿರಿ, ಕತ್ತರಿಯನ್ನು ಬ್ಲೀಚ್ ದ್ರಾವಣದಲ್ಲಿ ಅದ್ದಿ. ಗಿಡ ನಿರ್ವಹಿಸುವಾಗ ಕೆನೆ ತೆಗೆದ ಹಾಲಿನಲ್ಲಿ ಆಗಾಗ ಕೈ ಅದ್ದುವವರೂ ಇದ್ದಾರೆ. ಮೂಢನಂಬಿಕೆಯಂತೆ ಕೇಳಿಸಿದರೂ ಹಾಲಿನ ಪ್ರೋಟೀನ್ ಈ ವೈರಸ್ ಅಂಟುವುದನ್ನು ನಿಜವಾಗಿ ತಗ್ಗಿಸುತ್ತದೆ.

ಚಿಗುರೆಲೆ

ಇಂದು ಬೆಳಿಗ್ಗೆ ಮೂರನ್ನೂ ಕಿತ್ತೆ. ಆ ಕುಂಡಗಳ ಮಣ್ಣಿನಲ್ಲಿ ಮತ್ತೆ ಟೊಮೆಟೊ ಇಡಬಹುದೇ?

ಹಸಿರುಮನೆ

ಬೇಡ. ಎಷ್ಟೇ ಆರಿಸಿದರೂ ಬೇರಿನ ಚೂರುಗಳು ಉಳಿಯುತ್ತವೆ, ಹೊಸ ಬೇರು ಅವಕ್ಕೆ ಉಜ್ಜಿದರೆ ಸಾಕು. ಮೆಣಸಿನಕಾಯಿ, ಬದನೆಯನ್ನೂ ಇಡಬೇಡಿ, ಎಲ್ಲ ಒಂದೇ ಮನೆತನ.

ಚಿಗುರೆಲೆ

ಹನ್ನೆರಡು ದಿನಗಳಾದವು. ಉಳಿದ ಒಂಬತ್ತು ಚೆನ್ನಾಗಿವೆ, ಆದರೆ ಎಂಟನೆಯ ಗಿಡದಲ್ಲಿ ಎಲೆ ಮೇಲಕ್ಕೆ ಸುರುಳಿ ಸುತ್ತುತ್ತಿದೆ. ಎದೆ ಧಸಕ್ಕೆಂದಿತು. ಇದನ್ನೂ ಕೀಳಲೇ?

ಹಳೆಬೇರು

ಯಾವ ಎಲೆ? ತುದಿಯದೋ, ಕೆಳಗಿನದೋ?

ಚಿಗುರೆಲೆ

ಕೆಳಗಿನ ಬಲಿತವು ಮಾತ್ರ. ತುದಿ ನುಣ್ಣಗೆ, ಒಂದೇ ಹಸಿರಾಗಿ ಇದೆ. ಬಣ್ಣದ ತೇಪೆ ಎಲ್ಲಿಯೂ ಇಲ್ಲ.

ಹಳೆಬೇರು

ಹಾಗಿದ್ದರೆ ಮೊದಲು ಕುಂಡದ ಮಣ್ಣಿಗೆ ಬೆರಳು ಹಾಕಿ ನೋಡಿ. ಬಿಸಿಲು ಹೆಚ್ಚಾಗಿ ನೀರು ಸಾಲದಾದಾಗ ಟೊಮೆಟೊ ತನ್ನ ಹಳೆಯ ಎಲೆಗಳನ್ನು ಹೀಗೆಯೇ ಸುತ್ತಿಕೊಳ್ಳುತ್ತದೆ.

ಚಿಗುರೆಲೆ

ಮಣ್ಣು ಒಣಗಿ ಬಿರುಕು ಬಿಟ್ಟಿದೆ. ನೀರು ಹಾಕಿ ಬರುತ್ತೇನೆ.